ಹಂಗಿಲ್ಲದ ಅನ್ನ ಎಂಬುದುಂಟೇ?

ಪೇಟೆಯ ಸಂಬಳದ ಕೆಲಸ ಬಿಟ್ಟು, ಎರಡು ಎಕರೆ ಜಮೀನು ಮಾಡಿ, ತನ್ನ ಅನ್ನವನ್ನು ತಾನೇ ಬೆಳೆದುಕೊಂಡು ಯಾರ ಹಂಗೂ ಇಲ್ಲದೆ ಬದುಕಬೇಕು ಎಂಬ ಮಾತು ಮಧ್ಯಮ ವರ್ಗದ ಮನೆಗಳಲ್ಲಿ ಈಗ ಆಗಾಗ ಕೇಳಿಬರುತ್ತದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದಾಗ ಈ ಆಸೆ ಇನ್ನಷ್ಟು ಬಲವಾಯಿತು. ತಾರಸಿಯ ಮೇಲೆ ಟೊಮೆಟೊ, ಬಸಳೆ ಬೆಳೆಯುವವರು ಹೆಚ್ಚಿದರು. ಬೆಂಗಳೂರಿನ ಸುತ್ತಮುತ್ತ 'ನಿಮ್ಮದೇ ತೋಟ' ಎಂದು ತುಂಡು ಜಮೀನು ಮಾರುವ ಜಾಹೀರಾತುಗಳೂ ಹೆಚ್ಚಿದವು. ಆಸೆಯಲ್ಲಿ ತಪ್ಪೇನೂ ಇಲ್ಲ. ವಿಷ ಸಿಂಪಡಿಸಿದ ತರಕಾರಿಯನ್ನೂ ಹೊಗೆ ತುಂಬಿದ ಗಾಳಿಯನ್ನೂ ಸಹಿಸಿ ಸಾಕಾದ ಮನುಷ್ಯ ಮಣ್ಣಿನ ಕಡೆ ಮುಖ ಮಾಡುವುದು ಆರೋಗ್ಯದ ಲಕ್ಷಣವೇ ಸರಿ.

ಈ ಆಸೆಗೆ ಮಾತು ಕೊಟ್ಟ ಕೆಲವು ಪುಸ್ತಕಗಳಿವೆ. ಓದಿದವರೂ ಓದದವರೂ ಅವುಗಳ ಮಾತನ್ನೇ ಆಡುತ್ತಾರೆ. ಭಕ್ತಿಯಿಂದ ಓದುವವರು ಅವುಗಳಲ್ಲಿ ಮುಕ್ತಿಮಾರ್ಗವನ್ನು ಕಾಣುತ್ತಾರೆ, ಗೇಲಿ ಮಾಡುವವರು ಹುಚ್ಚುತನವನ್ನು ಕಾಣುತ್ತಾರೆ. ಈ ಎರಡೂ ಓದುಗಳನ್ನು ಬದಿಗಿಟ್ಟು, ಒಂದು ಸಾಮಾನ್ಯ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಆ ಪುಸ್ತಕಗಳನ್ನು ಮತ್ತೊಮ್ಮೆ ತೆರೆಯೋಣ ಎಂಬುದು ನಮ್ಮ ಉದ್ದೇಶ. ಪ್ರಶ್ನೆ ಇಷ್ಟೇ: ಈ ಸ್ವಾವಲಂಬಿಯ ಊಟಕ್ಕೆ ಉಪ್ಪು ಎಲ್ಲಿಂದ ಬಂತು? ಭೂಮಿ ಯಾರದು? ಕಳೆ ಕಿತ್ತವರು ಯಾರು?

ಮೊದಲನೆಯದು ಹೆನ್ರಿ ಡೇವಿಡ್ ಥೋರೋ 1854ರಲ್ಲಿ ಪ್ರಕಟಿಸಿದ 'ವಾಲ್ಡನ್'. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಹೊರಗೆ, ವಾಲ್ಡನ್ ಕೊಳದ ದಂಡೆಯ ಮೇಲೆ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಗುಡಿಸಲು ಕಟ್ಟಿಕೊಂಡು ಆತ 1845ರ ಜುಲೈ 4ರಂದು ವಾಸಕ್ಕೆ ಹೋದ. ಎರಡು ವರ್ಷ, ಎರಡು ತಿಂಗಳು ಅಲ್ಲಿದ್ದ. ಗುಡಿಸಲಿಗೆ ತಗುಲಿದ ಖರ್ಚು 28 ಡಾಲರ್ ಚಿಲ್ಲರೆ. ಎರಡೂವರೆ ಎಕರೆಯಲ್ಲಿ ಮುಖ್ಯವಾಗಿ ಬೀನ್ಸ್ ಕಾಳು, ಜೊತೆಗೆ ಸ್ವಲ್ಪ ಆಲೂಗಡ್ಡೆ, ಜೋಳ, ಬಟಾಣಿ ಹಾಕಿದ. ಮೊದಲ ವರ್ಷ ಖರ್ಚು ಕಳೆದು ಉಳಿದ ಲಾಭ 8 ಡಾಲರ್ 71 ಸೆಂಟ್. ಇದೆಲ್ಲ ನಮಗೆ ಗೊತ್ತಾಗಿರುವುದು ಥೋರೋ ಬರೆದಿಟ್ಟ ಲೆಕ್ಕದಿಂದಲೇ. ಸ್ವಾವಲಂಬನೆಯ ಬಗ್ಗೆ ಬರೆಯುವವರಲ್ಲಿ ಇಷ್ಟು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದವರು ಅಪರೂಪ. ಆದ್ದರಿಂದಲೇ ಆತನ ಲೆಕ್ಕದ ಪುಸ್ತಕವನ್ನು ಆತನ ಉಪದೇಶದ ಎದುರಿಗಿಟ್ಟು ಓದಲು ಸಾಧ್ಯ.

ಹಾಗೆ ಓದಿದಾಗ ಕಾಣುವುದೇನು? ಭೂಮಿ ಥೋರೋನದಲ್ಲ, ಆತನ ಗೆಳೆಯ ಎಮರ್ಸನ್‌ನದು. ಉಳುವುದಕ್ಕೆ ಜೋಡಿ ಎತ್ತನ್ನೂ ಆಳನ್ನೂ ಬಾಡಿಗೆಗೆ ತಂದ. ಗುಡಿಸಲಿನ ಹಲಗೆಗಳಿಗಾಗಿ ರೈಲುದಾರಿಯಲ್ಲಿ ಕೂಲಿ ಮಾಡುತ್ತಿದ್ದ ಐರಿಷ್ ಕುಟುಂಬವೊಂದರ ಮುರುಕು ಮನೆಯನ್ನು 4 ಡಾಲರ್ 25 ಸೆಂಟಿಗೆ ಕೊಂಡ. ಮರುದಿನ ಬೆಳಗಿನ ಜಾವ ಆ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಹೊರಟಿತು. ಇನ್ನು ಆತ ಬೆಳೆದ ಬೀನ್ಸ್. ಅದನ್ನು ಆತ ಹೆಚ್ಚಾಗಿ ತಿನ್ನಲಿಲ್ಲ, ಮಾರಿ ಅಕ್ಕಿ ಕೊಂಡ. ಎಂಟು ತಿಂಗಳ ಊಟದ ಪಟ್ಟಿಯಲ್ಲಿ ಅಕ್ಕಿಯದೂ ಕಾಕಂಬಿಯದೂ ದೊಡ್ಡ ಬಾಬತ್ತು, ತಲಾ ಒಂದು ಡಾಲರ್ 73 ಸೆಂಟಿನಷ್ಟು. ಪಟ್ಟಿಯ ಕೊನೆಯಲ್ಲಿ ಉಪ್ಪು, ಮೂರು ಸೆಂಟ್. ಉಪ್ಪು ಬೇಕಿದ್ದರೆ ಸಮುದ್ರದ ದಂಡೆಗೆ ಹೋಗಿಬರಬಹುದು, ಇಲ್ಲವೇ ಬಿಟ್ಟೇಬಿಡಬಹುದು ಎಂದು ಆತ ಹಗುರವಾಗಿ ಹೇಳುತ್ತಾನೆ. ಆದರೆ ಲೆಕ್ಕದಲ್ಲಿ ಮೂರು ಸೆಂಟ್ ಇದ್ದೇ ಇದೆ.

ಮೂರು ಸೆಂಟಿನ ಉಪ್ಪಿಗಿಂತ ಗಂಭೀರವಾದದ್ದು ಅಕ್ಕಿ ಮತ್ತು ಕಾಕಂಬಿಯ ಪ್ರಶ್ನೆ. ಆ ಕಾಲದ ಅಮೆರಿಕದಲ್ಲಿ ಅಕ್ಕಿ ಬಹುಪಾಲು ಬೆಳೆಯುತ್ತಿದ್ದುದು ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾದ ಕೆಸರು ಗದ್ದೆಗಳಲ್ಲಿ, ಗುಲಾಮರ ದುಡಿಮೆಯಿಂದ. ಕಾಕಂಬಿ ಹೆಚ್ಚಾಗಿ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ. ಥೋರೋ ಗುಲಾಮಗಿರಿಯ ಕಡುವಿರೋಧಿ. ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತೆರಿಗೆ ಕೊಡೆನೆಂದು, ಇದೇ ಗುಡಿಸಲಿನಲ್ಲಿದ್ದಾಗ, 1846ರ ಜುಲೈಯಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದವನು. ಆತನ ಧೈರ್ಯದ ಬಗ್ಗೆ ನಮಗೆ ಸಂಶಯವಿಲ್ಲ. ಸರಕಾರದ ಹಂಗನ್ನು ಕಂಡುಹಿಡಿದ ಆ ತೀಕ್ಷ್ಣ ಕಣ್ಣು ತಟ್ಟೆಯಲ್ಲಿದ್ದ ಅನ್ನದ ಹಂಗನ್ನು ಯಾಕೆ ವಿಚಾರಿಸಲಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ. ಆ ಕಾಡಿನಲ್ಲಿ ತನಗಿಂತ ಹಿಂದೆ ಬಾಳಿದ, ಗುಲಾಮರಾಗಿದ್ದ ಕಪ್ಪು ಜನರನ್ನು ಆತ ಒಂದು ಅಧ್ಯಾಯದಲ್ಲಿ ಹೆಸರು ಹಿಡಿದು ನೆನೆಯುತ್ತಾನೆ. ಅವರ ಮನೆಗಳ ಗುರುತು ಕೂಡ ಅಳಿದುಹೋಯಿತೆಂದು ಮರುಗುತ್ತಾನೆ. ಅದೇ ಕಾಡಿನಲ್ಲಿ ಅದೇ ಬಡತನವನ್ನು ಅವರು ಬೇರೆ ದಾರಿಯಿಲ್ಲದೆ ಬಾಳಿದ್ದರು. ಥೋರೋ ಆರಿಸಿಕೊಂಡು ಬಾಳಿದ.

ಜಾನ್ ಫೀಲ್ಡ್ ಎಂಬ ಐರಿಷ್ ಕೂಲಿಯವನ ಮನೆಗೆ ಥೋರೋ ಮಳೆಯಿಂದ ತಪ್ಪಿಸಿಕೊಳ್ಳಲು ಹೋಗುವ ಪ್ರಸಂಗ ಪುಸ್ತಕದ ಅತಿ ಕಷ್ಟದ ಪುಟಗಳಲ್ಲಿ ಒಂದು. ಹೆಂಡತಿ, ಮಕ್ಕಳಿರುವ ಆ ಬಡವನಿಗೆ ಥೋರೋ ಚಹಾ, ಕಾಫಿ, ಬೆಣ್ಣೆ, ಹಾಲು, ಮಾಂಸ ಬಿಟ್ಟರೆ ಇಷ್ಟು ದುಡಿಯಬೇಕಿಲ್ಲ ಎಂದು ಬುದ್ಧಿ ಹೇಳುತ್ತಾನೆ. ಹೇಳುವವನು ಮದುವೆಯಾಗದ, ಹಾರ್ವರ್ಡಿನಲ್ಲಿ ಓದಿದ, ಬೇಸರವಾದರೆ ಹತ್ತಿರದಲ್ಲೇ ಇರುವ ತಾಯಿಯ ಮನೆಗೆ ನಡೆದು ಹೋಗಬಲ್ಲ ಯುವಕ. ಹಸಿದ ಮಕ್ಕಳ ತಂದೆಗೆ ಹಾಲು ಬಿಡು ಎನ್ನುವ ಉಪದೇಶ ಇಂದಿಗೂ ಈ ಸಾಹಿತ್ಯವನ್ನು ಬಿಟ್ಟಿಲ್ಲ. ನಮ್ಮ ದೇಶದಲ್ಲಿ 2015–16ರ ಕೃಷಿ ಗಣತಿಯ ಪ್ರಕಾರ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ತುಸು ಕಡಿಮೆ. ಥೋರೋನ ಬೀನ್ಸ್ ಹೊಲಕ್ಕಿಂತ ಸ್ವಲ್ಪವೇ ದೊಡ್ಡದು. ಅವನಿಗೆ ಎರಡು ವರ್ಷದ ಪ್ರಯೋಗವಾಗಿದ್ದದ್ದು ನಮ್ಮ ರೈತನಿಗೆ ಇಡೀ ಬದುಕು, ಹೊರಗೆ ಬರಲು ಬಾಗಿಲಿಲ್ಲದ ಬದುಕು.

ಎರಡನೆಯ ಪುಸ್ತಕ ಕನ್ನಡದ ಓದುಗರಿಗೆ ಇನ್ನೂ ಹತ್ತಿರದ್ದು. ಜಪಾನಿನ ಮಸನೊಬು ಫುಕುವೋಕ 1975ರಲ್ಲಿ ಬರೆದ, 1978ರಲ್ಲಿ ಇಂಗ್ಲಿಷಿಗೆ ಬಂದ ಒಂದು ಹುಲ್ಲಿನ ಕ್ರಾಂತಿಯ ಪುಸ್ತಕ. ಯೊಕೊಹಾಮಾದ ಸುಂಕದ ಕಚೇರಿಯಲ್ಲಿ ಸಸ್ಯರೋಗಗಳ ಪರೀಕ್ಷೆ ಮಾಡುತ್ತಿದ್ದ ತರುಣ ಕೆಲಸ ಬಿಟ್ಟು ಶಿಕೊಕು ದ್ವೀಪದ ತನ್ನ ಹಳ್ಳಿಗೆ ಮರಳಿದ. ಉಳಬೇಡಿ, ಗೊಬ್ಬರ ಹಾಕಬೇಡಿ, ಉಳುಮೆಯಿಂದಲೋ ಔಷಧಿಯಿಂದಲೋ ಕಳೆ ಕೀಳಬೇಡಿ, ರಾಸಾಯನಿಕಗಳನ್ನು ನಂಬಬೇಡಿ ಎಂಬ ನಾಲ್ಕು ಮಾತು ಆತನ ಸಹಜ ಕೃಷಿಯ ಸಾರ. ಕಾಲು ಎಕರೆ ಇದ್ದರೆ ಒಬ್ಬನ ವರ್ಷದ ಊಟಕ್ಕೆ ಸಾಕು, ಒಂದೂಕಾಲು ಎಕರೆ ಇದ್ದರೆ ಐದು ಜನರ ಸಂಸಾರಕ್ಕೆ ಸಾಕು ಎಂಬ ಆತನ ಲೆಕ್ಕ ಎಷ್ಟು ಜನರ ನಿದ್ದೆ ಕೆಡಿಸಿದೆಯೋ! ಪೂರ್ಣಚಂದ್ರ ತೇಜಸ್ವಿಯವರು 'ಸಹಜ ಕೃಷಿ' ಎಂಬ ಪುಟ್ಟ ಪುಸ್ತಕದಲ್ಲಿ ಫುಕುವೋಕನನ್ನು ಕನ್ನಡಿಗರಿಗೆ ಪರಿಚಯಿಸಿದರು. ದೊಡ್ಡಬಳ್ಳಾಪುರ ತಾಲೂಕಿನ ಮರಳೇನಹಳ್ಳಿಯಲ್ಲಿ, ಮೊದಲು ರಾಸಾಯನಿಕ ಬೇಸಾಯ ಮಾಡಿ ಆಮೇಲೆ ಅದನ್ನು ಕೈಬಿಟ್ಟ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವ ತನಕ ಸಾವಿರಾರು ರೈತರಿಗೆ ಈ ದಾರಿಯ ಪಾಠ ಹೇಳಿದರು.

ಫುಕುವೋಕನ ಪುಸ್ತಕದಲ್ಲೂ ಉಪ್ಪಿನ ಪ್ರಶ್ನೆಗೆ ಉತ್ತರವಿದೆ, ಮುನ್ನುಡಿಯಲ್ಲಿ. ಆತನ ಗುಡ್ಡದ ಮಣ್ಣಿನ ಗುಡಿಸಲುಗಳಲ್ಲಿದ್ದು ದುಡಿದು ಕಲಿಯುತ್ತಿದ್ದ ತರುಣರಿಗೆ ತಿಂಗಳಿಗೆ ತಲಾ ಹತ್ತು ಸಾವಿರ ಯೆನ್ ಕೊಡಲಾಗುತ್ತಿತ್ತು. ಸೋಯಾ ಸಾಸ್, ಅಡುಗೆ ಎಣ್ಣೆಯಂಥ, ಅಲ್ಲಿ ಮಾಡಿಕೊಳ್ಳಲಾಗದ ಸಾಮಾನುಗಳಿಗೆ ಆ ಹಣ. ಆ ಹಣ ಎಲ್ಲಿಂದ ಬಂತು? ಹನ್ನೆರಡು ಎಕರೆಗೂ ಮೇಲ್ಪಟ್ಟ ಕಿತ್ತಳೆ ತೋಟದಿಂದ. ಒಂದೂಕಾಲು ಎಕರೆಯ ಗದ್ದೆಯ ಮಾತು ಎಲ್ಲರಿಗೂ ನೆನಪಿದೆ, ಪೇಟೆಗೆ ಹೋಗುತ್ತಿದ್ದ ಹಣ್ಣಿನ ಮಾತು ಯಾರಿಗೂ ನೆನಪಿಲ್ಲ. ಕೂಲಿ ಬೇಡದೆ ದುಡಿಯುವ ಶಿಷ್ಯರು ಎಲ್ಲ ಬಡ ರೈತರಿಗೂ ಸಿಗುವುದಿಲ್ಲ ಎಂಬುದೂ ನೆನಪಿಲ್ಲ.

ಆದರೆ ಫುಕುವೋಕನಿಗೆ ನ್ಯಾಯ ಸಲ್ಲಿಸಬೇಕು. ಆತ ಜಮೀನ್ದಾರ ಮನೆತನದವನು. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ನಡೆದ ಭೂಸುಧಾರಣೆಯಲ್ಲಿ ಆ ಮನೆಯ ಗದ್ದೆಗಳು ಬಹುಪಾಲು ಹೋದವು. ಆತನ ಸಹಜ ಕೃಷಿ ಬೆಳೆದದ್ದು ಉಳುವವನಿಗೆ ಭೂಮಿ ಸಿಕ್ಕ ದೇಶದಲ್ಲಿ. ಇನ್ನೊಂದು ವಿಷಯವೂ ಇದೆ. ಸಹಜವಾಗಿ ಬೆಳೆದ ಆಹಾರಕ್ಕೆ ಖರ್ಚು ಕಡಿಮೆ, ಆದ್ದರಿಂದ ಅದರ ಬೆಲೆಯೂ ಎಲ್ಲದಕ್ಕಿಂತ ಕಡಿಮೆ ಇರಬೇಕು ಎಂದು ಆತ ಹಟ ಹಿಡಿದು ವಾದಿಸಿದ. ಹೆಚ್ಚು ಬೆಲೆಗೆ ಮಾರಿದರೆ ಅದು ಶ್ರೀಮಂತರ ಊಟವಾಗುತ್ತದೆ ಎಂಬುದು ಆತನ ಆತಂಕ. ನಮ್ಮ ನಗರಗಳ ಸಾವಯವ ಅಂಗಡಿಗಳಲ್ಲಿ ಒಂದು ಕಿಲೋ ಅಕ್ಕಿಯ ಬೆಲೆ ನೋಡಿದರೆ, ಫುಕುವೋಕನ ಹೆಸರು ಉಳಿಯಿತು, ಮಾತು ಉಳಿಯಲಿಲ್ಲ ಎನ್ನಬೇಕಾಗುತ್ತದೆ.

ತೇಜಸ್ವಿ ಮೂಡಿಗೆರೆಯ ಕಾಫಿ ಬೆಳೆಗಾರರು. ಕಾಫಿ ಹೊಟ್ಟೆ ತುಂಬಿಸುವ ಬೆಳೆಯಲ್ಲ. ಅದರ ಬೆಲೆ ನಿರ್ಧಾರವಾಗುವುದು ದೂರದೇಶದ ಪೇಟೆಗಳಲ್ಲಿ. ಈ ಸತ್ಯ ತೇಜಸ್ವಿಯವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವರ ಬರವಣಿಗೆಯಲ್ಲಿ ಹಳ್ಳಿಯ ಬದುಕು ಸ್ವರ್ಗವಾಗಿ ಕಾಣುವುದಿಲ್ಲ. 1980ರ 'ಕರ್ವಾಲೊ' ಕಾದಂಬರಿಯ ನಿರೂಪಕ ಬೇಸಾಯದಿಂದ ಬೇಸತ್ತು ಜಮೀನು ಮಾರಿಬಿಡುವ ಯೋಚನೆಯಲ್ಲಿರುವ ಮನುಷ್ಯ. ಫುಕುವೋಕನನ್ನು ಮೆಚ್ಚಿದ ಲೇಖಕನೇ ಈ ದಣಿವನ್ನೂ ಬರೆದ ಎಂಬುದು ಕನ್ನಡದ ಭಾಗ್ಯ.

ಮೂರನೆಯದಾಗಿ ಗಾಂಧೀಜಿಯ 'ದಕ್ಷಿಣ ಆಫ್ರಿಕದ ಸತ್ಯಾಗ್ರಹ'. ಇದರಲ್ಲಿ ಬರುವ ಟಾಲ್‌ಸ್ಟಾಯ್ ಫಾರ್ಮಿನ ಅಧ್ಯಾಯಗಳನ್ನು ಕೃಷಿ ಸಾಹಿತ್ಯವೆಂದು ಯಾರೂ ಓದುವುದಿಲ್ಲ, ಓದಬೇಕು. ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ, ಸುಮಾರು 1,100 ಎಕರೆಯ ಆ ಜಮೀನನ್ನು ಹರ್ಮನ್ ಕಲೆನ್‌ಬಾಕ್ 1910ರ ಮೇ 30ರಂದು ಸತ್ಯಾಗ್ರಹಿಗಳ ವಾಸಕ್ಕೆ ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಜೈಲಿಗೆ ಹೋದವರ ಹೆಂಡಿರು ಮಕ್ಕಳನ್ನು ಕಡಿಮೆ ಖರ್ಚಿನಲ್ಲಿ ಸಾಕುವುದು ಹೇಗೆ ಎಂಬ ಚಿಂತೆಯಿಂದ ಹುಟ್ಟಿದ ಫಾರ್ಮ್ ಅದು. ಒಬ್ಬನ ಮನಶ್ಶಾಂತಿಗಾಗಿ ಹುಟ್ಟಿದ್ದಲ್ಲ. ಅಲ್ಲಿಯವರು ಹಿಟ್ಟು ಬೀಸಿದರು, ರೊಟ್ಟಿ ಸುಟ್ಟರು, ಚಪ್ಪಲಿ ಹೊಲಿದರು, ಕಿತ್ತಳೆಯ ಮುರಬ್ಬ ಮಾಡಿದರು. ಹಾಗೆಂದು ಗಾಂಧೀಜಿ ತಾವು ಯಾರ ಹಂಗಿನಲ್ಲೂ ಇರಲಿಲ್ಲವೆಂದು ಬರೆಯುವುದಿಲ್ಲ. ಭೂಮಿ ಕಲೆನ್‌ಬಾಕರದು. ಚಳವಳಿಗೆ ಜಮ್‌ಶೆಟ್‌ಜಿಯವರ ಮಗ ಸರ್ ರತನ್ ಟಾಟಾ 1909ರಲ್ಲಿ ಕಳಿಸಿದ್ದು 25 ಸಾವಿರ ರೂಪಾಯಿ. ವ್ಯಾಪಾರಿ ಅಹಮದ್ ಮುಹಮ್ಮದ್ ಕಾಛಲಿಯಾ ಸತ್ಯಾಗ್ರಹದಿಂದ ಹಿಂದೆ ಸರಿಯದೆ, ಸಾಲಗಾರರ ಒತ್ತಡಕ್ಕೆ ಮಣಿಯದೆ ತಮ್ಮ ವ್ಯಾಪಾರವನ್ನೇ ಕಳೆದುಕೊಂಡರು. ಅವರಿಗಾಗಿ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಥೋರೋನ ಪುಸ್ತಕದಲ್ಲಿ ಐರಿಷ್ ಕೂಲಿಗೆ ಸಿಕ್ಕಿದ್ದು ಬುದ್ಧಿವಾದ. ಇಲ್ಲಿ ವ್ಯಾಪಾರಿಗೆ ಸಿಕ್ಕಿದ್ದು ಕೃತಜ್ಞತೆ.

ಅಡುಗೆಮನೆಯ ಪ್ರಸಂಗ ಇನ್ನೂ ಮುಖ್ಯವಾದದ್ದು. ಫಾರ್ಮಿನಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತರು ಇದ್ದರು. ಎಲ್ಲರಿಗೂ ಒಂದೇ ಅಡುಗೆಮನೆ. ಸಸ್ಯಾಹಾರ ಗಾಂಧೀಜಿಗೆ ಧರ್ಮವೇ ಆಗಿತ್ತು. ಆದರೂ ಕ್ರೈಸ್ತರು, ಮುಸ್ಲಿಮರು ಮಾಂಸ ಕೇಳಿದರೆ, ದನದ ಮಾಂಸವನ್ನೇ ಕೇಳಿದರೂ, ಒದಗಿಸಬೇಕಾದದ್ದು ತಮ್ಮ ಕರ್ತವ್ಯ ಎಂದು ಅವರು ತೀರ್ಮಾನಿಸಿದ್ದರು. ಮೊದಲು ವಿಚಾರಿಸಿದರು, ಉಳಿದವರು ತಾವಾಗಿ ಸಸ್ಯಾಹಾರಕ್ಕೆ ಒಪ್ಪಿದರು. ರಂಜಾನ್ ಬಂದಾಗ ಮುಸ್ಲಿಂ ಹುಡುಗರು ಉಪವಾಸ ಹಿಡಿದರು. ಅವರಿಗೆ ಬೆಳಗಿನ ಜಾವದ ಊಟವನ್ನೂ ಸಂಜೆಯ ಊಟವನ್ನೂ ಸಿದ್ಧಪಡಿಸಲಾಯಿತು. ಇತರರು ಹಗಲು ಊಟ ಬಿಟ್ಟು ಜೊತೆ ಕೊಟ್ಟರು. ಒಟ್ಟಿಗೆ ಬೆಳೆದು ಉಣ್ಣುವವರ ನಡುವೆ ಏನನ್ನು ಉಣ್ಣಬೇಕು ಎಂಬುದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಥೋರೋನಿಗೆ ಬರಲೇ ಇಲ್ಲ, ಏಕೆಂದರೆ ಆತ ಒಬ್ಬನೇ ಇದ್ದ. ಗಾಂಧೀಜಿಗೆ ಬಂತು. ಮುಂದೆ 1930ರಲ್ಲಿ ಅದೇ ಗಾಂಧೀಜಿ ಇಡೀ ದೇಶವನ್ನು ಎಬ್ಬಿಸಿದ್ದು ಅಕ್ಕಿಗಾಗಿ ಅಲ್ಲ, ಯಾವ ಬಡವನೂ ತನ್ನ ಹಿತ್ತಲಲ್ಲಿ ಬೆಳೆಯಲಾಗದ ಉಪ್ಪಿಗಾಗಿ. ನಮ್ಮ ಅಂಕೋಲಾದ ಕಡಲ ದಂಡೆಯವರೆಗೆ ಆ ಕರೆ ಮುಟ್ಟಿತು.

ಇನ್ನು ನಮ್ಮ ಮಲೆನಾಡು. ಉಪ್ಪೊಂದು ಬಿಟ್ಟು ಎಲ್ಲವೂ ಮನೆಯಲ್ಲೇ ಬೆಳೆಯುತ್ತಿತ್ತು ಎಂಬ ಮಾತು ಹಳೆಯ ಮನೆತನಗಳ ನೆನಪಿನ ಬರಹಗಳಲ್ಲಿ ಹೆಮ್ಮೆಯಿಂದ ಬರುತ್ತದೆ. ಆ ಮನೆಗಳ ಒಳಗನ್ನು ಪೂರ್ತಿ ತೋರಿಸಿದ ಕಾದಂಬರಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967). ಅದರ ಕೇಂದ್ರದಲ್ಲಿ ಹೆಗ್ಗಡೆಯ ಜೊತೆಗೆ ಆತನ ಜೀತದಾಳು ನಾಯಿಗುತ್ತಿಯೂ ಇದ್ದಾನೆ. 'ಎಲ್ಲವೂ ಮನೆಯಲ್ಲೇ' ಎನ್ನುವಾಗ ಆ 'ಎಲ್ಲ'ದರೊಳಗೆ ಗುತ್ತಿಯಂಥವರ ಮೈಯೂ ಸೇರಿತ್ತು ಎಂಬುದನ್ನು ಕನ್ನಡಕ್ಕೆ ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಕೃತಿ ವಿರಳ. ಅದೇ ಕಾದಂಬರಿಯಲ್ಲಿ ತೀರ್ಥಹಳ್ಳಿ ಕಡೆಯ ಸಾಬರೂ ಬರುತ್ತಾರೆ. ಒಬ್ಬನ ಹೆಸರೇ ಕರಿಮೀನು ಸಾಬಿ. ಅವರಲ್ಲಿ ಹಲವರು ಒರಟರಾಗಿ, ಪುಂಡರಾಗಿ ಚಿತ್ರಿತರಾಗಿದ್ದಾರೆ ಎಂಬ ನಮ್ಮ ಅಸಮಾಧಾನ ಇದ್ದೇ ಇದೆ. ಗುತ್ತಿಯ ಒಳಮನಸ್ಸಿಗೆ ಇಳಿದ ಕುವೆಂಪು ಅವರ ಕಣ್ಣು ಆ ಸಾಬರ ಮನೆಯೊಳಗೆ ಹೋಗಲಿಲ್ಲ. ಆದರೆ ಆ ಹೆಸರೇ ಒಂದು ಸಾಕ್ಷಿ. ಮಲೆನಾಡಿನ ಊಟಕ್ಕೆ ಒಣಮೀನು ಬಂದದ್ದು ಯಾವ ಕೈಯಿಂದ ಎಂಬುದನ್ನು ಅದು ಹೇಳುತ್ತದೆ.

ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಹೇರೆತ್ತಿನ ಮೇಲೆ, ತಲೆಹೊರೆಯ ಮೇಲೆ ಹತ್ತಿಬಂತು. ತಂದವರಲ್ಲಿ ಬ್ಯಾರಿಗಳು, ಸಾಬರು, ಇತರ ಅನೇಕ ಜಾತಿಯವರಿದ್ದರು. ಹಾಸಿಗೆ ಹೊಲಿಯಲು ಪಿಂಜಾರರು, ಎತ್ತಿಗೆ ಲಾಳ ಕಟ್ಟಲು ನಾಲಬಂದರು, ನೇಗಿಲಿನ ಕುಳಕ್ಕೆ ಕಮ್ಮಾರರು ಬೇಕಿತ್ತು. ವಾರದ ಸಂತೆಯಿಲ್ಲದ ಸ್ವಾವಲಂಬಿ ಹಳ್ಳಿ ಎಂಬುದು ಬರಹದಲ್ಲಿ ಇರಬಹುದು, ನೆಲದ ಮೇಲೆ ಇರಲಿಲ್ಲ. ಭೂಮಿಯಿಲ್ಲದವರು, ಹೊರೆ ಹೊತ್ತು ಊರೂರು ತಿರುಗಿದವರು, 'ನಮ್ಮದನ್ನು ನಾವೇ ಬೆಳೆದು ಉಂಡೆವು' ಎಂಬ ಹೆಮ್ಮೆಯ ವಾಕ್ಯದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಇದು ಬರೀ ಸಾಹಿತ್ಯದ ತಕರಾರಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆ ಸೇರಿದಂತೆ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆ ಏಪ್ರಿಲಿನಲ್ಲಿ ಧಾರವಾಡದ ನುಗ್ಗಿಕೇರಿಯಲ್ಲಿ ಬಡ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಒಡೆದು ಹಾಕಿದರು. ಹಣ್ಣು ಯಾವನೋ ರೈತ ಬೆಳೆದದ್ದು. ಮಾರಿದ ಕೈ ಮಾತ್ರ 'ನಮ್ಮದಲ್ಲ' ಎನಿಸಿತು. 'ನಮಗೆ ನಾವೇ ಸಾಕು' ಎಂಬ ಮಾತು ಒಬ್ಬನ ತೋಟದ ಬೇಲಿಯೊಳಗೆ ಇರುವಾಗ ಸಾಧುವಾಗಿ ಕಾಣುತ್ತದೆ. ಅದೇ ಮಾತು ಊರಿನ, ಸಮುದಾಯದ ಮಾತಾದಾಗ ಯಾರು 'ನಾವು' ಎಂಬ ಪ್ರಶ್ನೆ ಏಳುತ್ತದೆ. ಥೋರೋನಾಗಲಿ ಫುಕುವೋಕನಾಗಲಿ ಇದಕ್ಕೆ ಹೊಣೆಗಾರರಲ್ಲ. ಆದರೆ ಹಂಗನ್ನು ಮರೆಯಲು ಕಲಿಸುವ ಓದು ಹಂಗಿನವರನ್ನು ಹೊರಗಟ್ಟುವಾಗ ಸುಮ್ಮನಿರಲೂ ಕಲಿಸುತ್ತದೆ ಎಂಬ ಭಯ ನಮಗಿದೆ.

ಭೂಮಿಯ ಪ್ರಶ್ನೆಯೂ ಹೀಗೆಯೇ. ಕರ್ನಾಟಕದಲ್ಲಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಟ್ಟಿತು. ಕೃಷಿಯಲ್ಲದ ಆದಾಯ ಹೆಚ್ಚಿರುವವರು, ಕೃಷಿಕರಲ್ಲದವರು ಸಾಗುವಳಿ ಭೂಮಿ ಕೊಳ್ಳದಂತೆ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ತಡೆದಿದ್ದವು. 2020ರಲ್ಲಿ ಆ ಕಲಮುಗಳನ್ನೇ ತೆಗೆದುಹಾಕಲಾಯಿತು. ಈಗ ಹಣವಿರುವ ಯಾರು ಬೇಕಾದರೂ 'ಸ್ವಾವಲಂಬಿ'ಯಾಗಬಹುದು. ಇತ್ತ 2011ರ ಜನಗಣತಿಯಲ್ಲಿ ದೇಶದ ಕೃಷಿ ಕೂಲಿಗಳ ಸಂಖ್ಯೆ 14 ಕೋಟಿ ದಾಟಿತ್ತು, ಸ್ವಂತ ಸಾಗುವಳಿಗಾರರು 12 ಕೋಟಿಗೂ ಕಡಿಮೆ ಇದ್ದರು. ಮಣ್ಣಿನ ಕೆಲಸ ಬಲ್ಲವರಿಗೆ ಮಣ್ಣಿಲ್ಲ, ಮಣ್ಣಿನ ಕನಸಿರುವವರಿಗೆ ಕೊಳ್ಳುವ ಹಕ್ಕಿದೆ. ಕೊಂಡವರ ತೋಟದಲ್ಲಿ ವಾರದ ಐದು ದಿನ ನೀರು ಬಿಡುವವರು, ಕಳೆ ಕೀಳುವವರು ಯಾರು ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು.

ಹಾಗಾದರೆ ಈ ಪುಸ್ತಕಗಳನ್ನು ಓದಬಾರದೇ? ಖಂಡಿತ ಓದಬೇಕು. ಬೆಳೆಯುವುದನ್ನೂ ಬಿಡಬಾರದು. ಒಂದು ಸೊಪ್ಪಿನ ಮಡಿ ಮಾಡಿದವನಿಗೆ ಒಂದು ಕಟ್ಟು ಸೊಪ್ಪಿನ ಹಿಂದೆ ಎಷ್ಟು ಬೆನ್ನುನೋವಿದೆ ಎಂಬುದು ಗೊತ್ತಾಗುತ್ತದೆ. ಮರುದಿನ ಸೊಪ್ಪು ಮಾರುವ ಹೆಂಗಸಿನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಲು ಅವನ ಬಾಯಿ ಬರುವುದಿಲ್ಲ. ಸ್ವಂತ ಬೆಳೆಯುವುದರ ದೊಡ್ಡ ಫಲ ಇದೇ ಎಂದು ನಮಗನಿಸುತ್ತದೆ. ಅದು ನಮ್ಮನ್ನು ಇತರರ ಹಂಗಿನಿಂದ ಬಿಡಿಸುವುದಿಲ್ಲ, ಆ ಹಂಗು ಎಷ್ಟು ದೊಡ್ಡದೆಂದು ತಿಳಿಸುತ್ತದೆ.

ಈ ಮಾನದಂಡದಿಂದ ನೋಡಿದರೆ ಟಾಲ್‌ಸ್ಟಾಯ್ ಫಾರ್ಮಿನ ಪುಟಗಳಿಗೆ ನಾವು ಮೊದಲ ಸ್ಥಾನ ಕೊಡುತ್ತೇವೆ. ಬೇಸಾಯದ ಪಾಠ ಅಲ್ಲಿ ಕಡಿಮೆ. ಆದರೆ ಯಾರ ಭೂಮಿ, ಯಾರ ಹಣ, ಯಾರ ಹಸಿವು ಎಂಬುದನ್ನು ಅಲ್ಲಿ ಮುಚ್ಚಿಟ್ಟಿಲ್ಲ. 'ವಾಲ್ಡನ್' ಅನ್ನು ಅದರ ಲೆಕ್ಕದ ಪಟ್ಟಿಗಳಿಂದ ಆರಂಭಿಸಿ ಓದಬೇಕು. ಫುಕುವೋಕನನ್ನು ಓದುವಾಗ ಗದ್ದೆಯ ಜೊತೆಗೆ ಕಿತ್ತಳೆ ತೋಟವನ್ನೂ ಎಣಿಸಬೇಕು. ಕನ್ನಡದಲ್ಲಿ ಇನ್ನೂ ಬರಬೇಕಾದ ಪುಸ್ತಕವೊಂದಿದೆ. ಎರಡು ಎಕರೆಯ ಸಂಸಾರವೊಂದು ವರ್ಷವಿಡೀ ಏನು ಬೆಳೆಯಿತು, ಏನು ಕೊಂಡಿತು, ಸಾಲ ಎಷ್ಟಾಯಿತು, ಮನೆಯ ಹೆಂಗಸರು ಎಷ್ಟು ಗಂಟೆ ದುಡಿದರು, ಕೂಲಿಗೆ ಬಂದವರಿಗೆ ಎಷ್ಟು ಕೊಟ್ಟರು, ಉಪ್ಪು ಯಾರ ಅಂಗಡಿಯಿಂದ ಬಂತು ಎಂಬುದನ್ನು ಪೈಸೆ ಬಿಡದೆ ಬರೆದ ಪುಸ್ತಕ. ಬರೆಯಬೇಕಾದವರು ಭೂಮಿ ಕೊಂಡ ನಗರದವರಲ್ಲ, ಅಲ್ಲಿ ಕಳೆ ಕೀಳುತ್ತಿರುವವರು. ಅವರ ಲೆಕ್ಕ ಓದುವುದಕ್ಕೆ ನಾವು ಕಾದಿದ್ದೇವೆ.